ಕಟ್ಟಿಗೆ ಬ್ಯಾಂಕಿನ ಊರಿನಲ್ಲಿ

ರಬಕವಿ

ನಾನು ಮಗ್ಗದ ಬಡಿಗ. ರಬಕವಿ-ಬನಹಟ್ಟಿಯಲ್ಲಿ ನೇಕಾರರು ಎಷ್ಟು ಮಂದಿ ಎಂದು ಕೇಳುವವರಿದ್ದಾರೆ, ಮಗ್ಗ ಮಾಡುವವರು ಎಷ್ಟು ಮಂದಿ ಉಳಿದರು ಎಂದು ಕೇಳುವವರಿಲ್ಲ. ಕರೆಂಟಿನ ಮಗ್ಗ ಬಂದ ಮೇಲೆ ಓಣಿಯ ತುಂಬ ಕಬ್ಬಿಣದ ಸದ್ದು. ನನ್ನ ಪಾಲಿಗೆ ಉಳಿದದ್ದು ಹಳೆಯ ಕೈಮಗ್ಗಗಳ ಸೊಂಟನೋವು, ಮೊಣಕಾಲು ನೋವು. ಕಾಲು ಸಡಿಲಾಗಿದೆ, ದಿಂಡು ಬಾಗಿದೆ, ಬಂದು ನೋಡು ಎಂದು ಕರೆಯುತ್ತಾರೆ. ಹೋಗಿ ಎರಡು ಬೈದು, ನಾಲ್ಕು ಬೆಣೆ ಹೊಡೆದು ಬರುತ್ತೇನೆ.

ಇಂಥ ನನಗೆ ಅಮೆರಿಕದಿಂದ ಬುಲಾವು ಬಂತು. ಕರೆದವರು ಎಲೆನ್ ಎಂಬ ಹೆಂಗಸು. ಅರವತ್ತು ದಾಟಿದವರು, ಅಮೆರಿಕದ ಬಡಗು ತುದಿಯ ಮೇನ್ ಎಂಬ ರಾಜ್ಯದ ಸಣ್ಣ ಊರೊಂದರಲ್ಲಿ ನೇಯ್ಗೆ ಶಾಲೆ ನಡೆಸುವವರು. ಕೆಲವು ವರ್ಷಗಳ ಹಿಂದೆ ಇಳಕಲ್ಲ ಸೀರೆಯ ನೇಯ್ಗೆ ನೋಡಲು ನಮ್ಮ ಓಣಿಗೆ ಬಂದಿದ್ದರು. ಜೊತೆಗೆ ಬಂದವರೆಲ್ಲ ಸೀರೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ, ಇವರು ಮಗ್ಗದ ಕೆಳಗೆ ಅಂಗಾತ ಮಲಗಿ ಬೆಣೆ ಹೊಡೆಯುತ್ತಿದ್ದ ನನ್ನ ಪಕ್ಕದಲ್ಲಿ ತಾವೂ ಮಲಗಿ ಕೀಲು ನೋಡಿದರು. ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಮೊಬೈಲಿನಲ್ಲಿ ತಮ್ಮ ಶಾಲೆಯ ಮೂರು ಮಗ್ಗ ತೋರಿಸಿದರು. ನಡುವಿನದು ತೀರಿಹೋದ ಗಂಡ ಕೈಯಾರೆ ಮಾಡಿದ್ದು ಎಂದು ಜೊತೆಗಿದ್ದವರಿಂದ ಹೇಳಿಸಿದರು. ಚಿತ್ರ ದೊಡ್ಡದು ಮಾಡಿ ನೋಡಿದೆ. ಆ ಪುಣ್ಯಾತ್ಮ ಮರಕ್ಕೆ ಮರ ಕೂಡಿಸಿದಲ್ಲಿ ಒಂದೇ ಒಂದು ಮೊಳೆ ಹೊಡೆದಿರಲಿಲ್ಲ. ದೊಡ್ಡ ಹೆಂಗಸರನ್ನು ನಮ್ಮ ಕಡೆ ಕರೆಯುವಂತೆ ನಾನು ಅವರನ್ನು ಎಲೆನ್‌ಬಾಯಿ ಎಂದೆ. ಬಾಯಿಯವರ ಮೇಲೆ ಗೌರವ ಹುಟ್ಟಿತು, ಗಂಡನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಹುಟ್ಟಿತು.

ಈಗ ಅವರು ಬರೆದದ್ದು ಇಷ್ಟು: ಹದಿನೆಂಟು ದಿನ ಬಂದಿರಿ, ಇರುವ ಮಗ್ಗಗಳನ್ನು ರಿಪೇರಿ ಮಾಡಿ, ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ನಿಮ್ಮ ಕಡೆಯ ಕುಣಿಮಗ್ಗ ಒಂದನ್ನು ನಮ್ಮ ಶಾಲೆಗೆ ಕಟ್ಟಿಕೊಡಿ. ಹೋಗಿಬರುವ ವ್ಯವಸ್ಥೆ ಅಲ್ಲಿಯ ಕುಶಲಕರ್ಮಿಗಳ ಸಂಘದ್ದು. ನನ್ನ ಇಂಗ್ಲಿಷು ಎಸ್, ನೋ, ಥ್ಯಾಂಕ್ಯೂಗೆ ಮುಗಿಯುವುದರಿಂದ ದುಭಾಷಿಯಾಗಿ ಸವಿತಾ ಹೊರಟಳು. ಸವಿತಾ ನಮ್ಮ ಪಕ್ಕದ ಓಣಿಯ ನೇಕಾರರ ಮನೆಯ ಮಗಳು, ಜಮಖಂಡಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ, ನನ್ನನ್ನು ಕಾಕಾ ಎನ್ನುತ್ತಾಳೆ.

ಹೊರಡುವ ದಿನ ನನ್ನ ಹೆಂಡತಿ ಗಂಗವ್ವ ಚೀಲದಲ್ಲಿ ಐದು ಶಾಲು, ಒಂದು ಕೆಂಪು ರುಮಾಲು ತುರುಕಿದಳು. ಅಲ್ಲಿ ಯಾರಿಗೆ ಬೇಕು ಇದೆಲ್ಲ ಎಂದು ರೇಗಿದೆ.

"ಇರ್ಲಿ ತಗೋರಿ. ಯಾವ ಊರಿಗಿ ಹೋದ್ರೂ ಒಬ್ಬರಿಗರ ಶಾಲ ಹೊಚ್ಚೂ ಪ್ರಸಂಗ ಬಂದ ಬರತೈತಿ" ಎಂದಳು.

ಅವಳ ಮಾತು ನಿಜವಾಯಿತು. ಆದರೆ ಆ ಪ್ರಸಂಗದಲ್ಲಿ ನಾನು ಮಾಡಿದ ತಪ್ಪನ್ನು ನೆನೆದರೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ. ಇದು ದೊಡ್ಡ ದೇಶದ ದೊಡ್ಡ ಸುದ್ದಿಯಲ್ಲ. ಒಬ್ಬ ಹೆಂಗಸು ಬರುವ ಚಳಿಗಾಲಕ್ಕೆ ನಾಲ್ಕು ಕಟ್ಟಿಗೆ ಕೊಡಿ ಎಂದು ಬಾಯಿ ಬಿಟ್ಟು ಕೇಳುತ್ತಾಳೋ ಇಲ್ಲವೋ ಎಂಬ ಸಣ್ಣ ಸುದ್ದಿ.

ನಾಯಿ ಕೂತದ್ದು

ಬಾಸ್ಟನ್ ವಿಮಾನ ನಿಲ್ದಾಣದಲ್ಲಿ ಚೀಲ ಎತ್ತಿಕೊಂಡು ಇನ್ನೇನು ಹೊರಬೀಳಬೇಕು, ಉದ್ದ ಕಿವಿಯ ಗಿಡ್ಡ ನಾಯಿಯೊಂದು ಬಂದು ನನ್ನ ಚೀಲದ ಮುಂದೆ ಕೂತಿತು. ಬೊಗಳಲಿಲ್ಲ, ಕಚ್ಚಲಿಲ್ಲ, ಸುಮ್ಮನೆ ಕೂತು ನನ್ನ ಮುಖ ನೋಡಿತು. ಮುಧೋಳದ ನಾಯಿ ನೋಡಿದವನು ನಾನು. ಓಡುವ ಮೊಲ ಹಿಡಿಯುವ ಆ ಉದ್ದ ಕಾಲಿನ ಜಾತಿಯ ಮುಂದೆ ಇದೇನು ನಾಯಿ ಎಂದು ಮನಸ್ಸಿನಲ್ಲಿ ನಕ್ಕೆ. ನಗು ಮುಗಿಯುವ ಮೊದಲೇ ಇಬ್ಬರು ಅಧಿಕಾರಿಗಳು ಬಂದು ನಮ್ಮನ್ನು ಪಕ್ಕಕ್ಕೆ ಕರೆದರು.

ಚೀಲ ಬಿಚ್ಚಿದರು. ಮೇಲೆ ಬಾಚಿ, ಉಳಿ, ಗರಗಸ. ಅವುಗಳನ್ನು ಹೂವಿನ ಹಾಗೆ ಎತ್ತಿ ಬದಿಗಿಟ್ಟರು. ಕೆಳಗೆ ಬಟ್ಟೆಯಲ್ಲಿ ಕಟ್ಟಿದ್ದ ಕಟಕ ರೊಟ್ಟಿ ಸಿಕ್ಕಿದ್ದೇ ಮುಖ ಗಂಭೀರವಾಯಿತು. ಒಬ್ಬ ಒಂದು ರೊಟ್ಟಿ ತೆಗೆದು ಮೇಜಿಗೆ ಕುಟ್ಟಿದ. ಟಕ್ ಎಂದಿತು.

"ಕಾಕಾ, ಇದು ಕಟ್ಟಗಿ ಏನು ಅಂತ ಕೇಳಾಕತ್ತಾರ" ಎಂದಳು ಸವಿತಾ.

ಮುರಿದು ತಿಂದು ತೋರಿಸಿದೆ. ಬಾಚಿ ಬಿಟ್ಟು ರೊಟ್ಟಿಗೆ ಹೆದರುವ ದೇಶ ಎಂದು ದಂಗಾದೆ. ಕೊನೆಗೆ ನಾಯಿ ಹಿಡಿದದ್ದು ಗಂಗವ್ವ ನನಗೆ ಹೇಳದೆ ಶೇಂಗಾ ಚಟ್ನಿಯ ಡಬ್ಬಿಯ ಪಕ್ಕ ಇಟ್ಟಿದ್ದ ಒಂದು ಹಿಡಿ ಹಸಿ ಕರಿಬೇವು ಎಂದು ಗೊತ್ತಾಯಿತು. ಅದನ್ನು ಕೈಗವಸು ಹಾಕಿಕೊಂಡು ಎತ್ತಿ ತೊಟ್ಟಿಗೆ ಹಾಕಿದರು. ನಾಯಿಗೆ ಒಂದು ಬಿಸ್ಕೀಟು ಸಿಕ್ಕಿತು.

ದಿಮ್ಮಿಗಳ ರಸ್ತೆ

ಎಲೆನ್‌ಬಾಯಿ ತಮ್ಮ ಹಳೆಯ ಗಾಡಿಯಲ್ಲಿ ನಮ್ಮನ್ನು ಕರೆದೊಯ್ದರು. ಅಕ್ಟೋಬರ್ ತಿಂಗಳು. ರಸ್ತೆಯ ಎರಡೂ ಬದಿಗೆ ಕಾಡು, ಮತ್ತೆ ಕಾಡು. ಎದುರಿಗೆ ಮರದ ದಿಮ್ಮಿ ಹೇರಿದ ಲಾರಿಗಳು ಒಂದರ ಹಿಂದೊಂದು. ಸಕ್ಕರೆ ಕಾರ್ಖಾನೆಯಿರುವ ಸಮೀರವಾಡಿಯ ಕಡೆ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ನೋಡಿದವರಿಗೆ ಇದು ಹೊಸದಲ್ಲ. ನಮ್ಮಲ್ಲಿ ಟ್ರ್ಯಾಕ್ಟರು ಸ್ವಲ್ಪ ನಿಧಾನವಾದರೆ ಸಾಕು, ಶಾಲೆಗೆ ಹೋಗುವ ಹುಡುಗರಿಂದ ಹಿಡಿದು ಮುದುಕರವರೆಗೆ ಒಂದೆರಡು ಗಣಿಕೆ ಎಳೆದುಕೊಳ್ಳುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಇಲ್ಲಿ ದಿಮ್ಮಿ ಎಳೆದುಕೊಳ್ಳುವ ಹಾಗಿಲ್ಲವಲ್ಲ ಎಂದು ನಾನು ಚೇಷ್ಟೆ ಮಾಡಿದೆ. ಸವಿತಾ ಅದನ್ನು ಇಂಗ್ಲಿಷಿಗೆ ಹೇಳಿದಳು. ಬಾಯಿಯವರು ನಗಲಿಲ್ಲ.

ಮನೆಗೆ ಬಂದೆವು. ಬಾಗಿಲು ತೆರೆದರೆ ಒಳಗೆ ಹೊರಗಿನಷ್ಟೇ ಥಂಡಿ. ಬಾಯಿಯವರ ಮೈಮೇಲೆ ಮೂರು ಸ್ವೆಟರು. ನಡುಮನೆಯಲ್ಲಿ ಕಬ್ಬಿಣದ ಒಲೆಯೊಂದಿದೆ, ಅದರಲ್ಲಿ ಕಟ್ಟಿಗೆ ಉರಿಸಿದರೆ ಮನೆಯೆಲ್ಲ ಬೆಚ್ಚಗಾಗುತ್ತದೆ. ಅದನ್ನು ಸಂಜೆಗೊಮ್ಮೆ ಮಾತ್ರ ಹಚ್ಚಿದರು, ಅದೂ ನಾವಿದ್ದೇವೆ ಎಂದು. ಒಲೆಯ ಬದಿಯ ಕಟ್ಟಿಗೆ ಗೂಡಿನಲ್ಲಿ ಒಂದು ಪುಟ್ಟಿ ತುಂಬುವಷ್ಟೂ ಇರಲಿಲ್ಲ. ಜಿಪುಣಿ ಇರಬೇಕು ಎಂದುಕೊಂಡೆ, ಹೀಗೆಂದು ಬರೆಯಲು ಈಗ ನಾಚಿಕೆಯಾಗುತ್ತದೆ. ನಾವು ಕೊಟ್ಟ ಕಟಕ ರೊಟ್ಟಿ, ಚಟ್ನಿಯನ್ನು ಅವರು ಒಲೆಯ ಮುಂದೆ ಕಾಲು ಮಡಚಿ ಕೂತು ನಮ್ಮಂತೆಯೇ ಕೈಯಿಂದ ಮುರಿದು ತಿಂದರು.

ಮರುದಿನ ಬೆಳಿಗ್ಗೆ ಮಗ್ಗದ ಕೋಣೆಗೆ ಹೋದೆ. ಎರಡೇ ಮಗ್ಗ ಇದ್ದವು. ನಡುವೆ ನೆಲ ಖಾಲಿ. ನಾಲ್ಕು ಕಾಲು ಊರಿದ್ದ ಕಡೆ ಮಾತ್ರ ಹಲಗೆಯ ಬಣ್ಣ ಮಾಸಿರಲಿಲ್ಲ. ನಾನು ಅಷ್ಟು ದೂರ ಬಂದದ್ದೇ ಅರ್ಧ ಆ ಮೊಳೆಯಿಲ್ಲದ ಮಗ್ಗ ನೋಡಲಿಕ್ಕೆ. ಎಲ್ಲಿ ಹೋಯಿತು ಎಂದು ಕೇಳಿಸಿದೆ. ಬೇಕಾದವರಿಗೆ ಕೊಟ್ಟೆ ಎಂದು ಹೇಳಿ ಬಾಯಿಯವರು ಚಹಾ ಮಾಡಲು ಹೋದರು. ಅವರು ಕೊಟ್ಟ ಉತ್ತರಕ್ಕಿಂತ ಹೋದ ವೇಗ ನನಗೆ ಸರಿ ಬೀಳಲಿಲ್ಲ.

ಶನಿವಾರದ ಕೆಲಸ

ಊರ ಹೊರಗೆ ಮರ ಕೊಯ್ಯುವ, ಈಗ ಮುಚ್ಚಿಹೋದ ಸಾಮಿಲ್ಲು ಇದೆ. ಅದರ ಅಂಗಳದಲ್ಲಿ ಶನಿವಾರ ಬೆಳಿಗ್ಗೆ ಹತ್ತು ಹದಿನೈದು ಮಂದಿ ಸೇರಿ ದಿಮ್ಮಿ ಕೊಯ್ದು, ಸೀಳಿ ಒಟ್ಟುತ್ತಿದ್ದರು. ಹೆಚ್ಚಿನವರು ತಲೆ ನರೆತವರು. ಊರವರು ಅದಕ್ಕೆ ಕಟ್ಟಿಗೆ ಬ್ಯಾಂಕು ಎನ್ನುತ್ತಾರೆ. ಚಳಿಗಾಲಕ್ಕೆ ಕಟ್ಟಿಗೆ ಇಲ್ಲದ ಮನೆಗಳಿಗೆ ಇಪ್ಪತ್ತು ವರ್ಷದಿಂದ ಇವರು ಒಯ್ದು ಹಾಕುತ್ತಾರೆ, ಪುಕ್ಕಟೆ. ಎಲೆನ್‌ಬಾಯಿ ನಮ್ಮನ್ನು ಅಲ್ಲಿಗೆ ಕರೆದೊಯ್ದದ್ದಕ್ಕೆ ಕಾರಣವಿತ್ತು. ಬರುವ ರವಿವಾರದ ಮುಂದಿನ ರವಿವಾರ ಊರ ಸಭಾಭವನದಲ್ಲಿ ಈ ಸ್ವಯಂಸೇವಕರಿಗೆ ಸನ್ಮಾನ. ಪ್ರತಿವರ್ಷ ಅದರ ಏರ್ಪಾಡು ಬಾಯಿಯವರದೇ ಅಂತೆ.

ಇವರ ಮುಂದಾಳು ವಾಲ್ಟರ್. ಎಪ್ಪತ್ತರ ಆಸುಪಾಸಿನ ಮನುಷ್ಯ, ಮರ ಕಡಿಯುವುದೇ ಕಸುಬಾಗಿದ್ದವ. ನಲವತ್ತು ವರ್ಷ ಗರಗಸದ ಯಂತ್ರ ಹಿಡಿದು ಕಿವಿ ಹೋಗಿದೆ. ಆತನ ಜೊತೆ ಸವಿತಾ ಜಮಖಂಡಿ ಸಂತೆಯಲ್ಲಿ ಕೂಗುವಂತೆ ಕೂಗಬೇಕಾಯಿತು. ಆತ ಇಂಗ್ಲಿಷಿನಲ್ಲಿ ಹೇಳಿದ್ದು ಅವಳ ಬಾಯಲ್ಲಿ ನಮ್ಮ ಮಾತಾಗಿ ನನಗೆ ತಲುಪುತ್ತಿತ್ತು.

"ಈ ಊರಾಗಿನ ಮಂದಿ ಎಲ್ಲಾ ಮರದ ಮ್ಯಾಲೆ ಬದುಕಿದವ್ರು ಅಂತ, ಕಾಕಾ. ಮಿಲ್ಲು ಮುಚ್ಚಿತು. ಈಗ ದಿಮ್ಮಿ ಬ್ಯಾರೆ ಊರಿಗಿ ಹೊಕ್ಕಾವ, ಮಂದಿ ಇಲ್ಲೇ ಉಳದಾರ."

ಕಾಡಿನ ನಡುವೆ ಕೂತು ಒಲೆಗೆ ಕಟ್ಟಿಗೆಯಿಲ್ಲ ಎಂಬ ಮಾತು ನನಗೆ ನಂಬಲಾಗಲಿಲ್ಲ. ಎರಡು ಸಲ ಕೇಳಿಸಿದೆ. ಕಾಡು ಕಂಪನಿಗಳದು, ಕಡಿದು ಸೀಳಲು ಮೈಯಲ್ಲಿ ಕಸುವು ಬೇಕು, ವಯಸ್ಸಾಗಿದೆ, ಜಡ್ಡು ಬಂದಿದೆ, ಕೆಲಸ ಹೋಗಿದೆ. ಹೀಗೆ ಮನೆಗೊಂದು ಕತೆ. ಮಿಲ್ಲು ನಡೆಯುತ್ತಿದ್ದ ದಿನಗಳಲ್ಲಿ ಊರಿಗೆಲ್ಲ ಹಲಗೆ ಕೊಯ್ದುಕೊಟ್ಟ ಮಂದಿ ಇವರು. ನಮ್ಮಲ್ಲೂ ರೇಷ್ಮೆ ನೇಯ್ದು ಹರಕು ಸೀರೆ ಉಡುವವರಿದ್ದಾರೆ, ನಾನೇನು ಬೆರಗಾಗಬೇಕು? ಆದರೂ ಆದೆ.

ಅದಕ್ಕಿಂತ ಬೆರಗು ಹುಟ್ಟಿಸಿದ್ದು ಅವರ ಪದ್ಧತಿ. ಬೇಕಾದವರು ವಾಲ್ಟರ್‌ನೊಬ್ಬನಿಗೆ ಹೆಸರು ಹೇಳಬೇಕು. ಆತ ಜೇಬಿನಲ್ಲಿರುವ ಪಟ್ಟಿಯಲ್ಲಿ ಬರೆದುಕೊಳ್ಳುತ್ತಾನೆ. ಕಟ್ಟಿಗೆ ಬರುವ ಹೊತ್ತಿಗೆ ಆ ಮನೆಯವರು ಪರದೆ ಎಳೆದು ಒಳಗೆ ಕೂರುತ್ತಾರೆ. ತಂದವರು ಕಿಟಕಿಯ ಕಡೆ ಕಣ್ಣೆತ್ತದೆ ಹಾಕಿ ಹೋಗುತ್ತಾರೆ. ಅವರು ಉಪಕಾರ ಎನ್ನುವುದಿಲ್ಲ, ಇವರು ಇರಲಿ ಎನ್ನುವುದಿಲ್ಲ. ನಾಳೆ ಅಂಗಡಿಯಲ್ಲಿ ಎದುರಾದರೆ ಇಬ್ಬರಿಗೂ ಏನೂ ಗೊತ್ತಿಲ್ಲ.

ಒಂದು ಮನೆಗೆ ನಾನೂ ಗಾಡಿಯಲ್ಲಿ ಹೋದೆ. ಕಟ್ಟಿಗೆ ಒಟ್ಟುವಾಗ ಪರದೆ ಸ್ವಲ್ಪ ಅಲುಗಿತು. ನನ್ನ ಎರಡೂ ಕೈ ತಾವೇ ನಮಸ್ಕಾರಕ್ಕೆ ಎದ್ದವು. ವಾಲ್ಟರ್ ಏನೂ ಹೇಳದೆ ಅವನ್ನು ಹಿಡಿದು ಕೆಳಗಿಳಿಸಿದ. ಮುಖ ಬಿಸಿಯಾಯಿತು. ಒಮ್ಮೆ ನಮ್ಮ ಸಂಘದವರು ಮುಧೋಳದ ಬಸ್ ನಿಲ್ದಾಣದಲ್ಲಿ ಬಡವರಿಗೆ ಕಂಬಳಿ ಹಂಚಿದ ಫೋಟೋ ನಮ್ಮ ಮನೆಯ ಗೋಡೆಯ ಮೇಲಿದೆ. ಕಂಬಳಿ ಒಂದು, ಹಿಡಿದ ಕೈ ಏಳು. ಏಳರಲ್ಲಿ ಒಂದು ನನ್ನದು. ಕಂಬಳಿ ತೆಗೆದುಕೊಂಡ ಮುದುಕನ ಮುಖ ಆ ಕೈಗಳ ಹಿಂದೆ ಅರ್ಧ ಮರೆಯಾಗಿದೆ.

ಮರಳಿ ಬಂದು ಚಹಾ ಕುಡಿಯುವಾಗ ವಾಲ್ಟರ್ ತನ್ನ ಸಂಕಟ ಹೇಳಿಕೊಂಡ. ಇಷ್ಟು ಗುಟ್ಟು ಕಾಯ್ದರೂ ಹೆಸರು ಬರೆಸಲು ಜನ ಬರುವುದಿಲ್ಲವಂತೆ.

"ಥಂಡಿಲೆ ಸತ್ತರ ಸಾಯ್ತಾರ, ಕೇಳೂದಿಲ್ಲ ಅಂತಾನ್ರಿ. ಹ್ವಾದ ವರ್ಷ ಒಬ್ಬಾಂವ ತನ್ನ ಅಟ್ಟದ ಮೆಟ್ಲಾ ಕಿತ್ತು ಒಲಿಗಿ ಹಾಕ್ಯಾನ. ಇವ್ರಿಗಿ ಗೊತ್ತಾಗಿದ್ದು ಬ್ಯಾಸಗ್ಯಾಗ."

ಅಯ್ಯೋ ಎಂದೆ. ಪಕ್ಕದಲ್ಲಿದ್ದ ಎಲೆನ್‌ಬಾಯಿ ಥರ್ಮಾಸಿನ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದರು.

ಬೂದಿ

ಮಂಗಳವಾರ ಬೆಳಿಗ್ಗೆ ಬಾಯಿಯವರು ಏಳುವ ಮೊದಲೇ ಒಲೆಯ ಬೂದಿ ತುಂಬಿಕೊಂಡು ಹಿತ್ತಲಿಗೆ ಹೋದೆ. ಸುಮ್ಮನೆ ಕೂತು ಉಣ್ಣುವ ಅತಿಥಿಯಾಗುವುದು ನನಗೆ ಒಗ್ಗದು. ಹಿತ್ತಲಲ್ಲಿ ಬೂದಿ ಸುರಿಯುವ ಗುಡ್ಡೆಯಿತ್ತು. ನನ್ನ ಬೂದಿ ಸುರಿದಾಗ ಹಳೆಯ ಬೂದಿ ಜಾರಿ ಏನೋ ಕಬ್ಬಿಣ ಕಂಡಿತು. ಕಡ್ಡಿಯಿಂದ ಕೆದಕಿ ಎತ್ತಿದೆ. ಹಲ್ಲಿನ ಚಕ್ರ. ಅಂಗೈ ಅಗಲದ್ದು, ಬೆಂಕಿಗೆ ನೀಲಿಗಟ್ಟಿದ್ದು.

ಬೇರೆ ಯಾರಿಗಾದರೂ ಅದು ಬರೀ ಚಕ್ರ. ನನಗೆ ಅದು ಏನೆಂದು ತಿಳಿಯಲು ಕ್ಷಣವೂ ಬೇಕಾಗಲಿಲ್ಲ. ನೇಯ್ದ ಬಟ್ಟೆ ಸುತ್ತುವ ದಿಂಡಿನ ತುದಿಗೆ ಇರುತ್ತದೆ, ದಿಂಡು ಹಿಂದಕ್ಕೆ ತಿರುಗದಂತೆ ಹಿಡಿಯುತ್ತದೆ. ಮತ್ತೆ ಕೆದಕಿದೆ. ಅದರ ಕೊಕ್ಕೆ ಸಿಕ್ಕಿತು. ಇನ್ನೊಂದು ಚಕ್ರ ಸಿಕ್ಕಿತು. ಅಲ್ಲೇ ಕುಕ್ಕರಿಸಿದೆ. ಆ ನಡುವಿನ ಮಗ್ಗವನ್ನು ಬಾಯಿಯವರು ಯಾರಿಗೂ ಕೊಟ್ಟಿರಲಿಲ್ಲ. ಒಲೆಗೆ ಹಾಕಿದ್ದರು.

ನಮ್ಮ ಮನೆಯಲ್ಲಿ ಮಗ್ಗದ ಮರ ಒಲೆಗೆ ಹೋಗುವುದಿಲ್ಲ. ಎಂಟು ವರ್ಷದವನಿದ್ದಾಗ ಮುರಿದ ಮಗ್ಗದ ಒಂದು ಚಕ್ಕೆಯನ್ನು ಬಚ್ಚಲ ಒಲೆಗೆ ಹಾಕಿದ್ದಕ್ಕೆ ನಮ್ಮಪ್ಪ ಕೊಟ್ಟ ಏಟಿನ ಉರಿ ಇನ್ನೂ ಕೆನ್ನೆಯಲ್ಲಿದೆ. ಮಗ್ಗ ಮುದಿಯಾದರೆ ಅದರ ಮರ ತೊಟ್ಟಿಲಾಗುತ್ತದೆ, ಮಣೆಯಾಗುತ್ತದೆ, ಬಾಗಿಲ ಬೆಣೆಯಾಗುತ್ತದೆ. ಯಾವುದಕ್ಕೂ ಬಾರದ ತುಂಡನ್ನು ಕೃಷ್ಣೆಗೆ ಬಿಟ್ಟು ಕೈ ಮುಗಿಯುತ್ತಿದ್ದರು. ಬೀಳಗಿಯ ಕಡೆಯ ಊರುಗಳು ಅಣೆಕಟ್ಟಿನ ಹಿನ್ನೀರಿಗೆ ಮುಳುಗುವಾಗ ಜನ ತಮ್ಮ ಮನೆ ತಾವೇ ಬಿಚ್ಚಿ ತೊಲೆ, ಕಂಬ ಹೊತ್ತು ತಂದಿದ್ದರು. ಆ ಸಾಗವಾನಿಯಿಂದ ನಾನು ಎಷ್ಟೋ ಮಗ್ಗ ಕಟ್ಟಿದೆ. ಒಬ್ಬ ಮುದುಕ ಬೀಳಗಿಯಿಂದ ಬಸ್ಸು ಹಿಡಿದು ಬಂದು, ತನ್ನ ಮನೆಯ ತೊಲೆ ಯಾವ ಮಗ್ಗವಾಯಿತು ಎಂದು ಕೇಳಿ, ಅದನ್ನು ಮುಟ್ಟಿ ನೋಡಿ ಹೋಗಿದ್ದ. ಮುಳುಗಿದ ಊರಿನ ಮರವೂ ಮಗ್ಗವಾಗಿ ಉಳಿದಿತ್ತು. ಇಲ್ಲಿ ಗಂಡ ಮಾಡಿದ ಮಗ್ಗವೇ ಬೂದಿಯಾಗಿ ಹಿತ್ತಲಲ್ಲಿ ಬಿದ್ದಿತ್ತು.

ಎರಡೂ ಚಕ್ರ ತೊಳೆದು ತಂದು ಊಟದ ಮೇಜಿನ ಮೇಲಿಟ್ಟೆ. ಬಾಯಿಯವರು ನೋಡಿದರು. ಕುರ್ಚಿ ಎಳೆದು ಕೂತರು. ಆಮೇಲೆ ಮಾತಾಡಿದರು. ಸವಿತಾ ಒಂದೊಂದೇ ವಾಕ್ಯ ನನಗೆ ದಾಟಿಸುವಾಗ ಅವಳ ದನಿಯೂ ಸಣ್ಣಗಾಯಿತು.

ಕಳೆದ ಫೆಬ್ರುವರಿಯಲ್ಲಿ ಮಂಜು ಬಿದ್ದು ರಸ್ತೆ ಕಟ್ಟಿತ್ತು. ಕಟ್ಟಿಗೆ ಮುಗಿದಿತ್ತು. ಶಾಲೆಗೆ ಕಲಿಯಲು ಬರುವವರು ಎರಡು ವರ್ಷದಿಂದ ಕಡಿಮೆಯಾಗಿದ್ದರು, ಆ ವರ್ಷ ಬೇಕಾದಷ್ಟು ಕಟ್ಟಿಗೆ ತರಿಸಲು ಆಗಿರಲಿಲ್ಲ. ವಾಲ್ಟರ್‌ಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಎರಡು ಸಲ ಫೋನು ಕೈಗೆತ್ತಿಕೊಂಡು ಇಟ್ಟರು.

"ಪ್ರತಿ ವರ್ಷ ಆ ಸಭಾದಾಗ ನಿಂತು, ಕೇಳಾಕ ನಾಚಬ್ಯಾಡ್ರಿ ಅಂತ ಭಾಷಣಾ ಮಾಡಾಕಿ ನಾನ. ನನಗ ಕೇಳಾಕ ಆಗಲಿಲ್ಲ ಅಂತಾರ್ರಿ. ಆ ಮಗ್ಗಾ ಎರಡ ದಿನಾ ಮನಿ ಬೆಚ್ಚಗ ಇಟ್ಟತಂತ."

ಈ ವರ್ಷದ ಕಟ್ಟಿಗೆ ಎಲ್ಲಿ ಎಂದು ಕೇಳಿದೆ. ಹಿತ್ತಲ ಕಟ್ಟಿಗೆ ಮನೆ ಖಾಲಿ ಇದ್ದದ್ದನ್ನು ನಾನೇ ನೋಡಿದ್ದೆ. ಹೆಸರು ಬರೆಸಿ ಎಂದೆ. ತಲೆ ಅಲ್ಲಾಡಿಸಿದರು. ನನಗೆ ಸಿಟ್ಟು ನೆತ್ತಿಗೇರಿತು.

"ಹಂಗಾರ ನಾ ಇಲ್ಲಿ ಮಗ್ಗಾ ಮಾಡಾಕ ಬಂದೇನೊ, ಉರವಲಾ ಮಾಡಾಕ ಬಂದೇನೊ? ಕೇಳ ಸವಿತಾ, ಬಾಯಾರ್ನ ಕೇಳ."

ಸವಿತಾ ಕೇಳಲಿಲ್ಲ. ಆದರೆ ನನ್ನ ದನಿಯೇ ಸಾಕಾಗಿತ್ತು. ಬಾಯಿಯವರು ಚಕ್ರಗಳನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಳ್ಳುವವರಂತೆ ಸ್ವೆಟರಿನ ಜೇಬಿಗೆ ಹಾಕಿಕೊಂಡು, ಇದನ್ನು ಊರಲ್ಲಿ ಯಾರಿಗೂ ಹೇಳಬಾರದು ಎಂದು ಮಾತು ತೆಗೆದುಕೊಂಡರು. ಕೊಟ್ಟೆವು. ಕೊಡದೆ ಏನು ಮಾಡುವುದು, ಅನ್ನ ಹಾಕಿದವರು.

ಊರೆಂದರೆ ಆ ಊರು ತಾನೆ ಎಂದು ಮನಸ್ಸಿಗೆ ಸಮಾಧಾನ ಹೇಳಿ ಗಂಗವ್ವನಿಗೆ ಫೋನು ಮಾಡಿದೆ. ಮಗ್ಗ ಸುಟ್ಟಳಂತೆ ನೋಡು, ಎಂಥ ಹೆಂಗಸು ಎಂದೆ.

"ಗಂಡ ಮಾಡಿದ ಮಗ್ಗಾ ಒಲಿಗಿ ಹಾಕ್ಯಾಳಂದ್ರ, ಆಕಿಗಿ ಅವತ್ತ ಎಷ್ಟ ಥಂಡಿ ಆಗಿತ್ತೊ ಏನೊ" ಎಂದಳು ಗಂಗವ್ವ.

ನನಗೆ ಅಷ್ಟು ಹೊತ್ತು ಮರದ ಚಿಂತೆಯೇ ಆಗಿತ್ತು. ಫೋನು ಇಟ್ಟು ಕೆಲಸಕ್ಕೆ ಹೋದೆ. ಕುಣಿಮಗ್ಗದ ಕಂಬ ಕೆತ್ತುವಾಗೆಲ್ಲ ಇದು ಯಾವ ಫೆಬ್ರುವರಿಯವರೆಗೆ ಬಾಳುತ್ತದೆ ಎಂಬ ಯೋಚನೆ ಬಾಚಿಯನ್ನು ತಡೆಯುತ್ತಿತ್ತು.

ರವಿವಾರದ ಸನ್ಮಾನ

ಸನ್ಮಾನವೆಂದರೆ ಏನು ಎಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ನಮ್ಮ ಕಡೆ ಸನ್ಮಾನಕ್ಕೆ ಮಂಟಪ ಬೇಕು, ಬ್ಯಾನರು ಬೇಕು, ವೇದಿಕೆಯ ತುಂಬ ಗಣ್ಯರು ಬೇಕು. ಸನ್ಮಾನಿತರ ಮುಖ ಹಾರದೊಳಗೆ ಮುಚ್ಚಿಹೋಗಬೇಕು. ಅಲ್ಲಿ ಒಂದು ಹಳೆಯ ಸಭಾಭವನ, ಮಡಚುವ ಕುರ್ಚಿಗಳು, ಮೂಲೆಯಲ್ಲಿ ಮನೆಮನೆಯಿಂದ ತಂದ ತಿಂಡಿ. ಮುಖ್ಯ ಅತಿಥಿ ಎರಡು ನಿಮಿಷ ಮಾತಾಡಿ ಕೂತರು. ಎರಡೇ ನಿಮಿಷ. ನಾನು ಗಡಿಯಾರ ನೋಡಿ ನಂಬದೆ ಸವಿತಾಳ ಗಡಿಯಾರವನ್ನೂ ನೋಡಿದೆ. ಸನ್ಮಾನಿತನಾದ ವಾಲ್ಟರ್ ಕೊನೆಯ ಸಾಲಿನಲ್ಲಿ, ಎದ್ದು ಓಡಲು ಅನುಕೂಲವಾಗುವಂತೆ ಬಾಗಿಲ ಪಕ್ಕ ಕೂತಿದ್ದ.

ಎಲೆನ್‌ಬಾಯಿ ಹೆಸರು ಕರೆದಂತೆ ಒಬ್ಬೊಬ್ಬರೇ ಬಂದರು. ಭಾರತದ ಅತಿಥಿ ತಮ್ಮ ಪದ್ಧತಿಯಂತೆ ಗೌರವಿಸುತ್ತಾರೆ ಎಂದು ಅವರು ಮೊದಲೇ ಹೇಳಿದ್ದರು. ನಾಲ್ವರು ಹಿರಿಯರಿಗೆ ಬನಹಟ್ಟಿಯ ಶಾಲು ಹೊದಿಸಿದೆ. ಐದನೆಯದು ವಾಲ್ಟರ್‌ಗೆ. ಆತನ ತಲೆಗೆ ಕೆಂಪು ರುಮಾಲನ್ನೂ ಸುತ್ತಿದೆ. ಸಭೆ ಕೈತಟ್ಟಿ ನಕ್ಕಿತು, ಆತನೂ ನಾಚಿ ನಕ್ಕ. ಎರಡು ಮಾತಾಡಿ ಎಂದರು.

ಅಷ್ಟು ಮಂದಿ ನಗುವುದನ್ನು ಕಂಡು ನನಗೆ ಹುರುಪು ಬಂದಿತ್ತು. ನಮ್ಮ ಸಭೆಗಳಲ್ಲಿ ಫಲಾನುಭವಿಗಳೆಂದು ಒಂದು ಸಾಲು ಇರುತ್ತದೆ. ಹೊಲಿಗೆ ಯಂತ್ರ ಸಿಕ್ಕವರು, ಕನ್ನಡಕ ಸಿಕ್ಕವರು ಮುಂದೆಯೇ ಕೂತಿರುತ್ತಾರೆ. ಕರೆದಾಗ ವೇದಿಕೆಗೆ ಬಂದು ಕೊಟ್ಟವರಿಗೆ ಹೂ ಕೊಡುತ್ತಾರೆ. ಅದಿಲ್ಲದೆ ಸನ್ಮಾನ ಪೂರ್ತಿಯಾಗುವುದಿಲ್ಲ. ಶನಿವಾರ ಕಣ್ಣಾರೆ ಕಂಡದ್ದು, ಪರದೆ, ಪಟ್ಟಿ, ವಾಲ್ಟರ್ ನನ್ನ ಕೈ ಇಳಿಸಿದ್ದು, ಒಂದೂ ಆ ಹೊತ್ತಿಗೆ ತಲೆಗೆ ಬರಲಿಲ್ಲ. ಬಾಯಿಗೆ ಬಂದದ್ದು ಊರಿನ ರೂಢಿ.

"ಕೊಟ್ಟ ಕೈಗೆ ತಗೊಂಡ ಕೈಲೆ ಸನ್ಮಾನ ಆಗಬೇಕ್ರಿ. ಯಾರ್ಯಾರ ಮನಿಗಿ ಕಟ್ಟಗಿ ಬಂದೈತಿ, ಅವರೆಲ್ಲಾ ಮುಂದ ಬಂದು ಇವ್ರಿಗಿ ಒಂದೊಂದ ಹೂವು ಕೊಡ್ರಿ."

ಸವಿತಾಳೂ ನಮ್ಮ ಸಭೆಗಳಲ್ಲೇ ಬೆಳೆದವಳು. ತಡವರಿಸದೆ ಅದನ್ನು ಇಂಗ್ಲಿಷಿಗೆ ಹೇಳಿಬಿಟ್ಟಳು.

ತಟ್ಟುತ್ತಿದ್ದ ಕೈಗಳು ನಿಂತವು. ಒಬ್ಬ ಮುದುಕಿ ತನ್ನ ಮಡಿಲು ನೋಡತೊಡಗಿದಳು, ಒಬ್ಬ ಗಂಡಸು ಟೋಪಿಯ ಅಂಚು ಎಣಿಸುವವನಂತೆ ತಿರುಗಿಸಿದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಗ ತಲೆಗೆ ಹೊಳೆಯಿತು. ಇಪ್ಪತ್ತು ವರ್ಷ ಇವರು ಕಾಯ್ದ ಗುಟ್ಟನ್ನು ನಾನು ಹೂವು ಹಿಡಿದು ವೇದಿಕೆಗೆ ಕರೆದಿದ್ದೆ. ಸವಿತಾ ನನ್ನ ತೋಳು ಹಿಡಿದುಕೊಂಡಳು.

ಆಗ ಎಲೆನ್‌ಬಾಯಿ ಕಾಗದಗಳನ್ನು ಮೇಜಿನ ಮೇಲಿಟ್ಟು ಎದ್ದು ನಿಂತರು. ಸಣ್ಣ ದನಿಯಲ್ಲಿ ಏನೋ ಹೇಳಿದರು. ಸವಿತಾ ನನ್ನ ಕಿವಿಯಲ್ಲಿ ಉಸುರಿದಳು.

"ನನ್ನ ಮನಿಗಿ ಕಟ್ಟಗಿ ಬಂದಿಲ್ಲ. ನಾ ಕೇಳಲಿಲ್ಲ. ಹ್ವಾದ ಚಳಿಗಾಲದಾಗ ನಾ ನನ್ನ ಮಗ್ಗಾ ಸುಟ್ಟೆ."

ವಾಲ್ಟರ್‌ಗೆ ಕೇಳಿಸಿರಲಿಲ್ಲ. ರುಮಾಲನ್ನು ಸರಿಸಿ ಕಿವಿಯ ಹಿಂದೆ ಕೈಯಿಟ್ಟು, ಏನು ಎಂದು ಕೇಳಿದ. ಯಾರಾದರೂ ಆತನಿಗೆ ಸನ್ನೆ ಮಾಡಬಾರದೇ ಎಂದು ಒಳಗೇ ಬೇಡಿಕೊಂಡೆ. ಯಾರೂ ಅಲುಗಲಿಲ್ಲ. ಬಾಯಿಯವರು ಆತನ ಕಡೆ ತಿರುಗಿ, ಇಡೀ ಭವನಕ್ಕೆ ಕೇಳುವಂತೆ ಅದನ್ನೇ ಇನ್ನೊಮ್ಮೆ ಕೂಗಿ ಹೇಳಿದರು. ಈ ಸಲ ಸವಿತಾ ಕನ್ನಡಕ್ಕೆ ಹೇಳಲಿಲ್ಲ. ನನಗೆ ಬೇಕಾಗಿರಲಿಲ್ಲ.

ವಾಲ್ಟರ್ ಮೇಜಿನ ಹತ್ತಿರ ಬಂದ. ಆತ ಹೇಳಿದ ಎರಡು ಮಾತನ್ನು ಸವಿತಾ ಆಮೇಲೆ ನನಗೆ ತಿಳಿಸಿದಳು. ನಡುವಿನದಾ ಎಂದು ಕೇಳಿದನಂತೆ. ಬಾಯಿಯವರು ಹೌದೆಂದರು.

"ಆ ಮರಾ ನಾನ ಕಡದ ಕೊಟ್ಟಿದ್ದೆ. ನಿನ್ನ ಗಂಡ ಬಂದು ಇಡೀ ಕಾಡ ತಿರಗಿ ಅದನ್ನ ಆರಿಸಿದ್ದ."

ಅಷ್ಟು ಹೇಳಿ ಆತ ಅಂಗಿಯ ಜೇಬಿನಿಂದ ಮಡಚಿದ ಪಟ್ಟಿ ತೆಗೆದ. ಅದರಲ್ಲಿ ಮೊದಲೇ ಇದ್ದ ಹೆಸರುಗಳ ಹಾಳೆಯನ್ನು ಬೇರೆ ಮಾಡಿ ಮತ್ತೆ ಜೇಬಿಗಿಟ್ಟು, ಖಾಲಿ ಹಾಳೆಯನ್ನು ಮೇಜಿನ ಮೇಲೆ ಹರಡಿ, ಮೇಲೊಂದು ಪೆನ್ಸಿಲಿಟ್ಟ. ಆಮೇಲೆ ಕಿವುಡರು ಮಾತಾಡುವಂತೆ ಗಟ್ಟಿಯಾಗಿ ಸಭೆಗೆ ಏನೋ ಹೇಳಿದ. ಎಲ್ಲರೂ ಎದ್ದರು. ಕುರ್ಚಿಗಳು ನೆಲಕ್ಕೆ ಉಜ್ಜಿದ ಸದ್ದು. ಎಲ್ಲರೂ ಕುರ್ಚಿ ತಿರುಗಿಸಿ ಮೇಜಿಗೆ ಬೆನ್ನು ಮಾಡಿ ಕೂತರು. ಮುಖ್ಯ ಅತಿಥಿಯೂ ತಿರುಗಿದರು. ತಿಂಡಿ ಬಡಿಸುವ ಹೆಂಗಸರು ಅಡುಗೆಕೋಣೆಯ ಗೋಡೆಗೆ ಮುಖ ಮಾಡಿದರು. ವಾಲ್ಟರ್ ಕೂಡ ತಿರುಗಿ ಕಿಟಕಿಯ ಹೊರಗೆ ನೋಡುತ್ತ ನಿಂತ.

"ತಿರಗ್ರಿ ಕಾಕಾ" ಎಂದಳು ಸವಿತಾ.

ಮೇಜಿಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದವರು ನಾವು. ಗೋಡೆಗೆ ಮುಖ ಮಾಡಿದೆವು. ಜೀವಮಾನವೆಲ್ಲ ಸಭೆಯಲ್ಲಿ ಯಾರು ಬಂದರು, ಯಾರು ಏನು ಪಡೆದರು ಎಂದು ಕತ್ತು ಚಾಚಿ ನೋಡಿದವನು ನಾನು. ಆವತ್ತು ಸುಣ್ಣದ ಗೋಡೆಯ ಒಂದು ಬಿರುಕನ್ನು ನೋಡುತ್ತ ನಿಂತೆ.

ಮೊದಲು ನಡೆದ ಹೆಜ್ಜೆ ಎಲೆನ್‌ಬಾಯಿಯವರದು. ಅದು ಎಲ್ಲರಿಗೂ ಗೊತ್ತಿತ್ತು, ಆದರೂ ಒಬ್ಬರೂ ತಿರುಗಲಿಲ್ಲ. ಪೆನ್ಸಿಲು ಕಾಗದದ ಮೇಲೆ ಓಡಿದ್ದು ಕೇಳಿತು. ನನ್ನ ಕಣ್ಣು ತುಂಬಿ ಬಿರುಕು ಕಾಣದಾಯಿತು. ಆಮೇಲೆ ಏನೂ ಇಲ್ಲ. ಇಷ್ಟಕ್ಕೆ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಎಲ್ಲೋ ಒಂದು ಕುರ್ಚಿ ಕಿರುಗುಟ್ಟಿತು. ಭಾರದ ಬೂಟಿನ ಹೆಜ್ಜೆ ಬಂದು, ಬರೆದು, ಹೋಯಿತು. ಇನ್ನೊಂದು ಕುರ್ಚಿ. ಕೋಲೂರುವ ಸದ್ದು. ಮತ್ತೊಂದು. ನಾನು ಎಣಿಸಬಾರದೆಂದು ಮನಸ್ಸು ಬೇರೆ ಕಡೆ ಹರಿಸಲು ನೋಡಿದೆ.

ಪೆನ್ಸಿಲಿನ ಸದ್ದು ಒಮ್ಮೆಲೇ ನಿಂತಿತು. ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಮೊನೆ ಮುರಿಯಿತಂತೆ ಎಂದು ಸವಿತಾ ಗೋಡೆಗೆ ಹೇಳಿದಳು. ಬಡಿಗನ ಕಿಸೆಯಲ್ಲಿ ಗುರುತು ಹಾಕುವ ಸಣ್ಣ ಚಾಕು ಇದ್ದೇ ಇರುತ್ತದೆ. ತೆಗೆದು, ಹಿಡಿಕೆ ಅವರ ಕಡೆ ಮಾಡಿ, ತಿರುಗದೆ ಬೆನ್ನ ಹಿಂದೆ ಕೈ ಚಾಚಿದೆ. ಒಂದು ಕೈ ಬಂದು ತೆಗೆದುಕೊಂಡಿತು. ಮರ ಕೆತ್ತುವ ಸದ್ದು, ಆಮೇಲೆ ಬರೆಯುವ ಸದ್ದು. ಚಾಕು ನನ್ನ ಅಂಗೈಗೆ ವಾಪಸು ಬರುವಾಗ ಆ ಬೆರಳುಗಳು ನನ್ನ ಬೆರಳಿಗೆ ತಾಗಿದವು. ತಣ್ಣಗೆ ಕೊರೆಯುತ್ತಿದ್ದವು. ಯಾರದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಚಾಕು ಮಡಚಿ ಕಿಸೆಗೆ ಹಾಕಲು ಹೋದವನು ಹಾಕಲಿಲ್ಲ. ಹಿಂದೆ ಇನ್ನೂ ಕುರ್ಚಿಗಳು ಕಿರುಗುಟ್ಟುತ್ತಿದ್ದವು, ಚಾಕು ಹಿಡಿದ ಕೈಯನ್ನು ಹಾಗೆಯೇ ಹಿಂದಕ್ಕೆ ಚಾಚಿಕೊಂಡು ನಿಂತೆ.